ಬಾಗಿಲು ಹಾಕಿದವರು ಯಾರು?

ನನ್ನ ಎಡಗಣ್ಣಿನಲ್ಲಿ ಯಾವ ದೋಷವೂ ಇಲ್ಲ. ಮಸೂರ ತಿಳಿಯಾಗಿದೆ, ಅಕ್ಷಿಪಟಲ ನೆಟ್ಟಗಿದೆ, ದೃಷ್ಟಿನರಕ್ಕೆ ಏನೂ ಆಗಿಲ್ಲ. ಇದುವರೆಗೆ ಅದನ್ನು ಪರೀಕ್ಷಿಸಿದ ವೈದ್ಯರೆಲ್ಲರೂ ಇದನ್ನೇ ಹೇಳಿದ್ದಾರೆ. ಆದರೂ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಪುಸ್ತಕ ಹಿಡಿದರೆ ಸಾಲಿನ ಅಕ್ಷರಗಳು ಒಂದಕ್ಕೊಂದು ತೆಕ್ಕೆ ಬಿದ್ದಂತಾಗಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬಿಳಿಯ ಹಾಳೆಯ ನಡುವೆ ಒಂಟಿಯಾಗಿ ಬರೆದ ಅಕ್ಷರವನ್ನು ಆ ಕಣ್ಣು ಗುರುತಿಸಬಲ್ಲದು. ಅದೇ ಅಕ್ಷರ ಅದೇ ಗಾತ್ರದಲ್ಲಿ ಒಂದು ಪದದೊಳಗೆ ಸೇರಿಕೊಂಡರೆ ಕಳೆದುಹೋಗುತ್ತದೆ. ಕನ್ನಡಕ ತಾನು ಮಾಡಬೇಕಾದ ಕೆಲಸವನ್ನೆಲ್ಲ ಮಾಡಿ ಮುಗಿಸಿದ ಮೇಲೂ ಉಳಿಯುವ ಮಬ್ಬು ಇದು. ಜನ ಸೋಮಾರಿ ಕಣ್ಣು ಎಂದೂ ವೈದ್ಯರು ಆಂಬ್ಲಿಯೋಪಿಯಾ ಎಂದೂ ಕರೆಯುವ ಈ ಸ್ಥಿತಿ ನೂರರಲ್ಲಿ ಎರಡು ಮೂರು ಮಂದಿಗೆ ಇರುತ್ತದೆಯಂತೆ. ಅಂದಹಾಗೆ, ಸೋಮಾರಿ ಎಂಬ ಬೈಗುಳ ಆ ಕಣ್ಣಿಗೆ ಸಲ್ಲತಕ್ಕದ್ದಲ್ಲ. ಅದು ತನ್ನ ಪಾಲಿನ ಬೆಳಕನ್ನು ದಿನವಿಡೀ ಒಳಗೆ ಕಳುಹಿಸುತ್ತಲೇ ಇದೆ, ಬರಮಾಡಿಕೊಳ್ಳುವವರು ಮಾತ್ರ ಇಲ್ಲ.

ಇದು ಪತ್ತೆಯಾದಾಗ ನನಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದಿತ್ತು. ಬಲಗಣ್ಣು ಮುಚ್ಚಿಸಿ ಓದಲು ಹೇಳಿದಾಗ ನಾನು ಮೇಲಿನ ಒಂದೇ ಒಂದು ದೊಡ್ಡ ಅಕ್ಷರವನ್ನು ಹೇಳಿ ಸುಮ್ಮನೆ ನಿಂತೆ; ತಪಾಸಣೆ ಮಾಡುತ್ತಿದ್ದವರು ನಾನು ತಮಾಷೆ ಮಾಡುತ್ತಿದ್ದೇನೆಂದು ಭಾವಿಸಿ ಗದರಿದರು. ವಾರದ ನಂತರ ಅಮ್ಮನ ಜೊತೆ ಕಣ್ಣಿನ ವೈದ್ಯರೆದುರು ಕುಳಿತಿದ್ದೆ. ಹುಟ್ಟಿನಿಂದಲೂ ನನ್ನ ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ಅಂತರವಿತ್ತೆಂದೂ, ಎಡಗಣ್ಣು ಯಾವತ್ತೂ ಮಸುಕಾದ ಚಿತ್ರವನ್ನೇ ಕಳುಹಿಸುತ್ತಿದ್ದುದರಿಂದ ಮಿದುಳು ಬಲಗಣ್ಣನ್ನೇ ನೆಚ್ಚಿಕೊಂಡಿತೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ಕೊನೆಗೆ, "ತಡವಾಯಿತಮ್ಮ. ಇದನ್ನು ಕಲಿಯುವುದಕ್ಕೆ ಮಿದುಳಿಗೆ ಒಂದು ಕಾಲವಿರುತ್ತದೆ. ಈಗ ಬಾಗಿಲು ಹಾಕಿಕೊಂಡುಬಿಟ್ಟಿದೆ" ಎಂದರು. ಅಮ್ಮ, "ತೆಗೆಯುವುದಕ್ಕೆ ಆಗುವುದಿಲ್ಲವೇ ಡಾಕ್ಟರೇ?" ಎಂದು ಕೇಳಿದಳು. ಅವರು ತಲೆಯಾಡಿಸಿ ಚೀಟಿ ಬರೆಯತೊಡಗಿದರು.

ಆ ಮಾತು ನನ್ನನ್ನು ಬಿಡಲಿಲ್ಲ. ದುಃಖದಿಂದಲ್ಲ, ಒಂದೇ ಕಣ್ಣಿನಿಂದ ಓದಿ ಬರೆದು ಬದುಕುವುದು ಅಂಥ ಕಷ್ಟವೇನಲ್ಲ. ನನ್ನನ್ನು ಕಾಡಿದ್ದು ಆ ವಾಕ್ಯದ ವ್ಯಾಕರಣ. ಬಾಗಿಲನ್ನು ಯಾರಾದರೂ ಹಾಕಬೇಕು. ಹಾಕಿಕೊಂಡುಬಿಟ್ಟಿದೆ ಎಂದರೆ ಗಾಳಿಗೆ ಹಾಕಿಕೊಂಡಿತೋ, ಕೀಲು ತುಕ್ಕು ಹಿಡಿದು ನಿಂತುಹೋಯಿತೋ, ಅಥವಾ ಒಳಗಿದ್ದ ಯಾರೋ ಎದ್ದು ಬಂದು ಚಿಲಕ ಹಾಕಿದರೋ? ಕರ್ತೃವನ್ನು ಬಚ್ಚಿಟ್ಟ ಆ ವಾಕ್ಯಕ್ಕೆ ಕರ್ತೃವನ್ನು ಹುಡುಕುವ ಕೆಲಸ ನನಗೆ ಅರಿವಿಲ್ಲದೆಯೇ ಅಂದು ಶುರುವಾಯಿತು. ಹುಡುಕಾಟ ಕೊನೆಗೆ ನನ್ನನ್ನು ಕರೆದೊಯ್ದದ್ದು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕೋಶಗಳ ಬಳಿಗೆ.

ಅಂಟು

ಕಾಲೇಜಿನ ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದ ಕೆಳಗೆ ಮಿದುಳಿನ ತೆಳುವಾದ ಪದರವೊಂದನ್ನು ಇಟ್ಟಿದ್ದರು. ನೇರಳೆ ಬಣ್ಣ ಹೀರಿಕೊಂಡ ದೊಡ್ಡ ನರಕೋಶಗಳು ಎದ್ದು ಕಾಣುತ್ತಿದ್ದವು. ಅವುಗಳ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದು ನಮಗೆ ಕೊಟ್ಟಿದ್ದ ಕೆಲಸ. ಬಲಗಣ್ಣನ್ನು ಕೊಳವೆಗೆ ಒತ್ತಿ ನೋಡುತ್ತಿದ್ದ ನನಗೆ (ನನ್ನಂಥವರಿಗೆ ಒಂಟಿ ಕೊಳವೆಯ ಸೂಕ್ಷ್ಮದರ್ಶಕವೇ ಹೇಳಿ ಮಾಡಿಸಿದ ಉಪಕರಣ) ನರಕೋಶಗಳ ನಡುವೆ ಎಲ್ಲೆಲ್ಲೂ ಚೆಲ್ಲಿದಂತಿದ್ದ ಸಣ್ಣ ಕಪ್ಪು ಚುಕ್ಕೆಗಳು ಹೆಚ್ಚು ಕುತೂಹಲ ಹುಟ್ಟಿಸಿದವು. ಕೆಲವು ಚುಕ್ಕೆಗಳು ದೊಡ್ಡ ಕೋಶಗಳಿಗೆ ಆತುಕೊಂಡೇ ಕುಳಿತಿದ್ದವು. "ಸರ್, ಇವೇನು?" ಎಂದು ಕೇಳಿದೆ. ಮೇಷ್ಟ್ರು ಕೊಳವೆಯೊಳಗೆ ಒಮ್ಮೆ ಇಣುಕಿ, "ಅದು ಗ್ಲಿಯಾ. ಅಂಟು ಅಂತ ಅರ್ಥ. ಅದನ್ನೇನೂ ಬಿಡಿಸಬೇಕಾಗಿಲ್ಲ" ಎಂದು ಮುಂದಿನ ಮೇಜಿಗೆ ಹೋದರು. ನಾನು ಚುಕ್ಕೆಗಳಿಲ್ಲದ ಚಿತ್ರ ಬಿಡಿಸಿ ಪೂರ್ತಿ ಅಂಕ ಪಡೆದೆ. ಆ ಹಾಳೆಯಲ್ಲಿ ನರಕೋಶಗಳು ಖಾಲಿ ಬಯಲಿನಲ್ಲಿ ನಿಂತ ಮರಗಳಂತಿದ್ದವು.

ಮೇಷ್ಟ್ರನ್ನು ದೂರಿ ಫಲವಿಲ್ಲ, ಏಕೆಂದರೆ ಆ ಹೆಸರೇ ಹಾಗಿತ್ತು. 1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಷೊ ನರಕೋಶಗಳ ನಡುವಿನ ಸ್ಥಳವನ್ನು ತುಂಬಿಕೊಂಡಿದ್ದ ವಸ್ತುವಿಗೆ ನರಗಳ ಗಾರೆ ಎಂಬ ಅರ್ಥದ ಮಾತನ್ನು ಬಳಸಿ, ಗ್ರೀಕಿನಲ್ಲಿ ಅಂಟು ಎಂಬರ್ಥದ ಗ್ಲಿಯಾ ಪದವನ್ನು ಅದಕ್ಕೆ ಅಂಟಿಸಿದ. ಹೆಸರಿಟ್ಟ ಮೇಲೆ ಒಳಗೆ ಏನಿದೆಯೆಂದು ನೋಡಿದವರು ಇರಲಿಲ್ಲವೆಂದಲ್ಲ. ನರಕೋಶದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಸ್ಪೇನಿನ ರಮೋನ್ ಇ ಕಹಾಲ್, 1913ರಲ್ಲಿ ಚಿನ್ನದ ಲವಣ ಬಳಸುವ ತನ್ನದೇ ವಿಧಾನದಿಂದ ನಕ್ಷತ್ರದಾಕಾರದ ಆಸ್ಟ್ರೋಸೈಟ್‌ಗಳನ್ನು ಬಹು ಸುಂದರವಾಗಿ ಬಣ್ಣಿಸಿ ತೋರಿಸಿದ್ದ. ಆದರೆ ಆ ವಿಧಾನಕ್ಕೂ ಬಣ್ಣ ಹಿಡಿಯದ ಕೆಲವು ಕೋಶಗಳು ಉಳಿದುಕೊಂಡವು. ಅವನು ಅವನ್ನು ಮೂರನೆಯ ಘಟಕವೆಂದು ಕರೆದು ಬಿಟ್ಟಿದ್ದ. ಅವನ ಪ್ರಯೋಗಾಲಯದಲ್ಲಿಯೇ ಇದ್ದ ಪಿಯೊ ದೆಲ್ ರಿಯೊ ಒರ್ತೆಗಾ ಬೆಳ್ಳಿಯ ಕಾರ್ಬೊನೇಟ್ ಬಳಸಿ 1919ರಲ್ಲಿ ಆ ಮೂರನೆಯದರೊಳಗೆ ಎರಡು ಬಗೆಯವಿವೆ ಎಂದು ತೋರಿಸಿದ: ಒಂದು ಮೈಕ್ರೋಗ್ಲಿಯಾ, ಮತ್ತೊಂದು ಮುಂದೆ ನರತಂತುಗಳಿಗೆ ಮಯಲಿನ್ ಹೊದಿಕೆ ಸುತ್ತುವುದೆಂದು ತಿಳಿದುಬಂದ ಆಲಿಗೋಡೆಂಡ್ರೋಸೈಟ್. ಗುರುವಿಗೆ ಇದು ಒಪ್ಪಿಗೆಯಾಗಲಿಲ್ಲ, ಸ್ವಲ್ಪದರಲ್ಲೇ ಶಿಷ್ಯ ಆ ಪ್ರಯೋಗಾಲಯದಿಂದ ಹೊರಬೀಳಬೇಕಾಯಿತು.

ಹೀಗೆ ನೂರು ವರ್ಷಗಳ ಹಿಂದೆಯೇ ಮೂವರ ಗುರುತೂ ಸಿಕ್ಕಿದ್ದರೂ ಅವರ ಕೆಲಸವೇನೆಂದು ಕೇಳುವ ದಾರಿ ಇರಲಿಲ್ಲ. ಇಪ್ಪತ್ತನೆಯ ಶತಮಾನದ ನರವಿಜ್ಞಾನ ಕಿವಿಗೊಟ್ಟದ್ದು ವಿದ್ಯುತ್ತಿನ ಭಾಷೆಗೆ. ಸೂಕ್ಷ್ಮವಾದ ತಂತಿಯನ್ನು ಚುಚ್ಚಿದಾಗ ನರಕೋಶ ಟಿಕ್ ಟಿಕ್ ಎಂದು ಮಿಡಿಯುತ್ತದೆ. ಗ್ಲಿಯಾ ಕೋಶಕ್ಕೆ ಚುಚ್ಚಿದರೆ ಮೌನ. ಮಾತಾಡದ್ದು ಯೋಚಿಸುವುದೂ ಇಲ್ಲ ಎಂದು ತೀರ್ಮಾನಿಸುವುದು ಸುಲಭ. ಆಸ್ಟ್ರೋಸೈಟ್‌ಗಳು ತಮ್ಮೊಳಗಿನ ಕ್ಯಾಲ್ಸಿಯಂ ಪ್ರಮಾಣವನ್ನು ಏರಿಳಿಸುವ ಮೂಲಕ ಪ್ರತಿಕ್ರಿಯಿಸುತ್ತವೆ, ಆ ಏರಿಳಿತ ಅಲೆಯಂತೆ ಕೋಶದಿಂದ ಕೋಶಕ್ಕೆ ಹರಡುತ್ತದೆ ಎಂಬುದು ಕಂಡದ್ದು 1990ರಲ್ಲಿ, ಅದನ್ನು ತೋರಿಸಬಲ್ಲ ಹೊಳೆಯುವ ಬಣ್ಣಗಳು ಕೈಗೆ ಬಂದ ಮೇಲೆ. ಇನ್ನು ಗ್ಲಿಯಾ ಕೋಶಗಳು ನರಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚಿವೆ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಬರೆದುಕೊಂಡು ಬಂದವಲ್ಲ, ಅದನ್ನು ಯಾರೂ ಸರಿಯಾಗಿ ಎಣಿಸಿಯೇ ಇರಲಿಲ್ಲ. ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ ಹೌಜೆಲ್ ಮತ್ತು ಸಂಗಡಿಗರು ಮಿದುಳನ್ನು ಅಕ್ಷರಶಃ ಅರೆದು ಸಾರು ಮಾಡಿ ಕೋಶಕೇಂದ್ರಗಳನ್ನು ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನರಕೋಶಗಳು ಸುಮಾರು 8,600 ಕೋಟಿ, ಉಳಿದೆಲ್ಲ ಕೋಶಗಳು ಸೇರಿ ಸುಮಾರು 8,500 ಕೋಟಿ. ಅಂದರೆ ಹೆಚ್ಚುಕಡಿಮೆ ಸಮಸಮ. ಅಲಕ್ಷ್ಯಕ್ಕೆ ಗುರಿಯಾದವರ ಬಗ್ಗೆ ಉತ್ಪ್ರೇಕ್ಷೆಯೂ ಅಷ್ಟೇ ಸಲೀಸಾಗಿ ಹಬ್ಬುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ತಟ್ಟೆಯಲ್ಲಿ ಒಂಟಿಯಾದ ನರಕೋಶಗಳು

ಗ್ಲಿಯಾ ಬಗ್ಗೆ ನನಗಿದ್ದ ತಿಳಿವಳಿಕೆಯನ್ನು ಬುಡಮೇಲು ಮಾಡಿದ್ದು ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರೆಸ್ ಅವರ ಪ್ರಯೋಗಾಲಯದ ಕೆಲಸ. ಬ್ಯಾರೆಸ್ ಮೊದಲು ನರರೋಗಗಳ ವೈದ್ಯರಾಗಿ ತರಬೇತಿ ಪಡೆದವರು. ರೋಗಪೀಡಿತ ಮಿದುಳಿನ ಪದರಗಳಲ್ಲಿ ಗ್ಲಿಯಾ ಕೋಶಗಳು ವಿಚಿತ್ರವಾಗಿ ಬದಲಾಗಿರುವುದನ್ನು ಕಂಡು ಇವಕ್ಕೆ ಇಲ್ಲೇನು ಕೆಲಸ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಸಂಶೋಧನೆಗೆ ಬಂದರು, 2017ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅವರ ಉಪಾಯ ಸರಳವಾಗಿತ್ತು. ಒಂದು ಕೋಶದ ಕೆಲಸ ತಿಳಿಯಬೇಕಾದರೆ ಅದನ್ನು ತೆಗೆದುಹಾಕಿ ನೋಡಬೇಕು. ಇಲಿಮರಿಗಳ ಅಕ್ಷಿಪಟಲದಿಂದ ಮಿದುಳಿಗೆ ಸಂದೇಶ ಒಯ್ಯುವ ನರಕೋಶಗಳನ್ನು ಮಾತ್ರ, ಒಂದೇ ಒಂದು ಗ್ಲಿಯಾ ಕೋಶವೂ ಬೆರೆಯದಂತೆ, ಬೇರ್ಪಡಿಸುವ ವಿಧಾನವನ್ನು ಅವರು ರೂಪಿಸಿದ್ದರು. ತಕ್ಕ ಪೋಷಣೆ ಕೊಟ್ಟರೆ ಆ ನರಕೋಶಗಳು ತಟ್ಟೆಯಲ್ಲಿ ವಾರಗಟ್ಟಲೆ ಬದುಕಿದವು, ಕೈಕಾಲು ಚಾಚಿ ಒಂದನ್ನೊಂದು ಮುಟ್ಟಿದವು. ಆದರೆ ಮುಟ್ಟಿಯೂ ಮಾತಾಡಲಿಲ್ಲ. ಅವುಗಳ ನಡುವೆ ಸಿನಾಪ್ಸ್‌ಗಳು, ಅಂದರೆ ಒಂದು ನರಕೋಶ ಮತ್ತೊಂದಕ್ಕೆ ಸಂದೇಶ ದಾಟಿಸುವ ಸಂದಿಗಳು, ಬೆರಳೆಣಿಕೆಯಷ್ಟು ಮಾತ್ರ ಹುಟ್ಟಿದವು. ಆಸ್ಟ್ರೋಸೈಟ್‌ಗಳನ್ನು ಜೊತೆಗಿಟ್ಟು ಬೆಳೆಸಿದಾಗ ಸಿನಾಪ್ಸ್‌ಗಳ ಸಂಖ್ಯೆ ಸುಮಾರು ಏಳು ಪಟ್ಟು ಏರಿತು. 1997ರಲ್ಲಿ ಮೊದಲ ಸುಳಿವಾಗಿ, 2001ರಲ್ಲಿ ಎಣಿಕೆ ಸಹಿತ ಈ ಫಲಿತಾಂಶ ಪ್ರಕಟವಾಯಿತು.

ನನಗೆ ಇದರಲ್ಲಿ ರೋಮಾಂಚನ ತಂದ ಸಂಗತಿ ಆ ಏಳು ಪಟ್ಟಲ್ಲ. ಆಸ್ಟ್ರೋಸೈಟ್‌ಗಳು ನರಕೋಶಗಳನ್ನು ಮುಟ್ಟದೆ, ಬರಿಯ ತಮ್ಮ ಸುತ್ತಲಿನ ದ್ರವಕ್ಕೆ ಬಿಟ್ಟ ಪದಾರ್ಥಗಳಿಂದಲೇ ಈ ಕೆಲಸ ಮಾಡಬಲ್ಲವು ಎಂಬುದು. ಆ ಪದಾರ್ಥಗಳಲ್ಲಿ ಮೊದಲು ಸಿಕ್ಕಿದ್ದು 2005ರಲ್ಲಿ, ಥ್ರಾಂಬೊಸ್ಪಾಂಡಿನ್ ಎಂಬ ಪ್ರೋಟೀನು. ಅದನ್ನು ಮಾತ್ರ ತಟ್ಟೆಗೆ ಸುರಿದರೆ ಸಿನಾಪ್ಸ್‌ಗಳು ಹುಟ್ಟುತ್ತವೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಅಂಗಗಳೂ ಸರಿಯಾಗಿಯೇ ಕಾಣುತ್ತವೆ, ಆದರೆ ಅವು ಮೂಕ: ಸಂದೇಶ ಬಂದಾಗ ಅದನ್ನು ಹಿಡಿಯಬೇಕಾದ ಗ್ರಾಹಕಗಳು ಆಚೆಯ ದಡದಲ್ಲಿ ಇಲ್ಲ. ಗ್ರಾಹಕಗಳನ್ನು ಅಲ್ಲಿಗೆ ಕರೆತರುವುದಕ್ಕೆ ಆಸ್ಟ್ರೋಸೈಟ್‌ಗಳೇ ಬಿಡುವ ಬೇರೊಂದು ಬಗೆಯ ಪ್ರೋಟೀನುಗಳು, ಗ್ಲಿಪಿಕಾನ್‌ಗಳು, ಬೇಕೆಂದು 2012ರಲ್ಲಿ ತಿಳಿಯಿತು. ಸೇತುವೆ ಕಟ್ಟುವ ಅಪ್ಪಣೆ ಒಂದು, ಸಂಚಾರಕ್ಕೆ ತೆರೆಯುವ ಅಪ್ಪಣೆ ಇನ್ನೊಂದು. ಎರಡೂ ಹೊರಡುವುದು ಅಂಟು ಎಂದು ಕರೆಸಿಕೊಂಡವರ ಮನೆಯಿಂದ. ಇಲಿಗಳ ಮಿದುಳಿನಲ್ಲಿ ನರಕೋಶಗಳು ಬಹುಪಾಲು ಹುಟ್ಟುವ ಮೊದಲೇ ತಯಾರಾಗಿದ್ದರೂ ಸಿನಾಪ್ಸ್‌ಗಳ ಮಹಾಪೂರ ಹರಿಯುವುದು ಹುಟ್ಟಿದ ಮೇಲೆ ಆಸ್ಟ್ರೋಸೈಟ್‌ಗಳು ಬೆಳೆಯತೊಡಗಿದಾಗ ಎಂಬ ಹಳೆಯ ಒಗಟು ಇದರಿಂದ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಚುಕ್ಕೆಯಂತೆ ಕಂಡ ಆ ಕೋಶ ನಿಜವಾಗಿ ಎಷ್ಟು ದೊಡ್ಡದೆಂಬುದನ್ನೂ ಇಲ್ಲಿಯೇ ಹೇಳಬೇಕು. ನಾನು ಕಂಡದ್ದು ಅದರ ಕೇಂದ್ರವನ್ನಷ್ಟೇ. ಅದರ ಸ್ಪಂಜಿನಂಥ ಸೂಕ್ಷ್ಮ ಕವಲುಗಳಿಗೆ ಆ ನೇರಳೆ ಬಣ್ಣ ಹತ್ತುವುದಿಲ್ಲ. ಪ್ರತಿಯೊಂದು ಆಸ್ಟ್ರೋಸೈಟ್ ತನ್ನದೇ ಆದ ಒಂದು ಸೀಮೆಯನ್ನು ಹಿಡಿದು ಕೂರುತ್ತದೆ, ಪಕ್ಕದವರ ಸೀಮೆಯೊಳಗೆ ಅಂಚಿನಲ್ಲಿ ಮಾತ್ರ ಕಾಲಿಡುತ್ತದೆ. ಇಲಿಯಲ್ಲಿ ಅಂಥ ಒಂದು ಸೀಮೆಯೊಳಗೆ ಸುಮಾರು ಒಂದು ಲಕ್ಷ ಸಿನಾಪ್ಸ್‌ಗಳಿದ್ದರೆ ಮನುಷ್ಯರಲ್ಲಿ 20 ಲಕ್ಷದವರೆಗೂ ಇರಬಹುದೆಂದು ಅಂದಾಜು ಮಾಡಿದ್ದಾರೆ. ನಾನು ಅಂದು ಖಾಲಿ ಬಿಟ್ಟ ಬಯಲಿನಲ್ಲಿ ಒಂದಿಂಚೂ ಖಾಲಿ ಇರಲಿಲ್ಲ.

ಕೆಡಹುವ ಕೆಲಸ

ಕಟ್ಟುವುದು ಕಥೆಯ ಅರ್ಧ ಮಾತ್ರ. ಮನುಷ್ಯರ ಮಿದುಳಿನ ಮುಂಭಾಗದ ಹೊರಪದರದಲ್ಲಿ ಸಿನಾಪ್ಸ್‌ಗಳ ದಟ್ಟಣೆ ಒಂದೆರಡು ವರ್ಷದ ಮಗುವಿನಲ್ಲಿ ತುತ್ತತುದಿ ಮುಟ್ಟಿ, ಹದಿಹರೆಯದ ಹೊತ್ತಿಗೆ ಗಣನೀಯವಾಗಿ ಇಳಿದಿರುತ್ತದೆ ಎಂದು ಪೀಟರ್ ಹಟನ್‌ಲಾಕರ್ 1979ರಲ್ಲಿಯೇ ತೋರಿಸಿದ್ದರು. ಹಾಗಾದರೆ ಬೇಡವಾದ ಸಂದಿಗಳನ್ನು ಕೀಳುವವರು ಯಾರು, ಕಿತ್ತದ್ದನ್ನು ಹೊತ್ತೊಯ್ಯುವವರು ಯಾರು ಎಂಬುದು ಬಹುಕಾಲ ಯಾರನ್ನೂ ಅಷ್ಟಾಗಿ ಕಾಡಿದಂತೆ ಕಾಣುವುದಿಲ್ಲ. ಬಳಸದ ದಾರಿ ಮುಚ್ಚಿಹೋಗುತ್ತದೆ ಎಂಬ ಮಾತಿನಲ್ಲಿಯೇ ಎಲ್ಲರಿಗೂ ಸಮಾಧಾನವಿತ್ತು. ನೋಡಿ, ಇಲ್ಲಿಯೂ ಕರ್ತೃವಿಲ್ಲ.

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಬಂದದ್ದು ಕಣ್ಣಿನ ದಾರಿಯಲ್ಲಿಯೇ ಎಂಬುದು ನನ್ನ ಪಾಲಿಗೆ ಒಂದು ಯೋಗಾಯೋಗ. ಎರಡೂ ಕಣ್ಣುಗಳಿಂದ ಹೊರಟ ನರತಂತುಗಳು ಮಿದುಳಿನ ನಡುಭಾಗದ ಥಲಾಮಸ್‌ನ ಒಂದು ಗಂಟಿನಲ್ಲಿ ಬಂದು ಸೇರುತ್ತವೆ. ಹುಟ್ಟಿದ ಹೊಸದರಲ್ಲಿ ಇಲಿಮರಿಯಲ್ಲಿ ಎರಡು ಕಣ್ಣುಗಳ ತಂತುಗಳೂ ಅಲ್ಲಿ ಬೆರೆತು ಹೆಣೆದುಕೊಂಡಿರುತ್ತವೆ; ಕಣ್ಣು ತೆರೆಯುವ ಮುನ್ನವೇ ಅವು ಬೇರೆಬೇರೆ ವಲಯಗಳಾಗಿ ವಿಂಗಡವಾಗಿಬಿಡುತ್ತವೆ. ಬ್ಯಾರೆಸ್ ಅವರ ಪ್ರಯೋಗಾಲಯದಲ್ಲಿದ್ದ ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು 2007ರಲ್ಲಿ ಕಂಡದ್ದು ಇದು: ಆಸ್ಟ್ರೋಸೈಟ್‌ಗಳ ಸಂಕೇತಕ್ಕೆ ಓಗೊಟ್ಟು ನರಕೋಶಗಳು ಸಿ1ಕ್ಯೂ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ಈ ಪ್ರೋಟೀನು ಹೊಸದಲ್ಲ. ರಕ್ತದಲ್ಲಿ ಅದು ರೋಗಾಣುಗಳಿಗೆ ಗುರುತು ಹಚ್ಚಿ ಇದನ್ನು ತಿಂದುಹಾಕಿ ಎಂದು ರೋಗನಿರೋಧಕ ಕೋಶಗಳಿಗೆ ತೋರಿಸಿಕೊಡುವ ಸರಣಿಯ ಮೊದಲ ಕೊಂಡಿ. ಮಿದುಳಿನಲ್ಲಿ ಅದೇ ಗುರುತು ಸಿನಾಪ್ಸ್‌ಗಳ ಮೇಲೆ ಬೀಳುತ್ತಿತ್ತು. ಆ ಪ್ರೋಟೀನು ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಎರಡು ಕಣ್ಣುಗಳ ತಂತುಗಳು ಸರಿಯಾಗಿ ಬೇರ್ಪಡಲಿಲ್ಲ. ಗುರುತು ಬಿದ್ದದ್ದನ್ನು ತಿನ್ನುವವರು ಮೈಕ್ರೋಗ್ಲಿಯಾ ಎಂಬುದನ್ನು ಸ್ಟೀವನ್ಸ್ ಅವರದೇ ತಂಡದ ಡೊರೊತಿ ಶೇಫರ್ 2012ರಲ್ಲಿ ತೋರಿಸಿದರು. ಐದು ದಿನದ ಇಲಿಮರಿಯ ಮೈಕ್ರೋಗ್ಲಿಯಾದ ಹೊಟ್ಟೆಯೊಳಗೆ ಎರಡು ಕಣ್ಣುಗಳಿಂದ ಬಂದ ನರತಂತುಗಳ ತುದಿಗಳು, ಬೇರೆಬೇರೆ ಬಣ್ಣ ಹಚ್ಚಿಟ್ಟದ್ದರಿಂದ ಗುರುತು ಸಿಗುವಂತೆ, ಸಿಕ್ಕವು. ಒಂದು ಕಣ್ಣನ್ನು ಔಷಧ ಹಾಕಿ ಮೌನವಾಗಿಸಿದರೆ ಮೈಕ್ರೋಗ್ಲಿಯಾ ಹೆಚ್ಚು ನುಂಗಿದ್ದು ಆ ಕಣ್ಣಿನ ತಂತುಗಳನ್ನು.

ಈ ಸಾಲನ್ನು ಮೊದಲ ಸಲ ಓದಿದಾಗ ನಾನು ಪುಟವನ್ನು ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹನ್ನೊಂದನೆಯ ವಯಸ್ಸಿನಿಂದ ಹುಡುಕುತ್ತಿದ್ದವನು ಸಿಕ್ಕಿಬಿದ್ದನೆಂದೇ ಅನ್ನಿಸಿತು. ಗರ್ಭದ ಮೊದಲ ದಿನಗಳಲ್ಲಿ ಭ್ರೂಣದ ಹೊರಗಿನ ಹಳದಿಚೀಲದಲ್ಲಿ ಹುಟ್ಟಿ ಮಿದುಳಿಗೆ ವಲಸೆ ಬಂದು ಅಲ್ಲಿಯೇ ನೆಲೆ ನಿಂತ, ವಂಶದಿಂದ ರೋಗನಿರೋಧಕ ಪಡೆಗೆ ಸೇರಿದ ಈ ಪರದೇಶಿಗಳು ನನ್ನ ಎಡಗಣ್ಣಿನ ಪಾಲನ್ನು ತಿಂದುಹಾಕಿದರು ಎಂಬ ಚಿತ್ರ ಎಷ್ಟು ಪೂರ್ಣವಾಗಿತ್ತೆಂದರೆ ಅದನ್ನು ನಂಬದಿರುವುದು ಕಷ್ಟವಾಗಿತ್ತು. ಜೀವಂತ ಇಲಿಯ ಮಿದುಳಿನಲ್ಲಿ ಮೈಕ್ರೋಗ್ಲಿಯಾ ತನ್ನ ಕವಲುಗಳನ್ನು ಸದಾ ಚಾಚುತ್ತಾ ಹಿಂತೆಗೆಯುತ್ತಾ ಸುತ್ತಲನ್ನು ತಡಕಾಡುವ ದೃಶ್ಯವನ್ನು ನೋಡಿದ್ದೆ; 2005ರಲ್ಲಿ ಅದನ್ನು ಚಿತ್ರಿಸುವವರೆಗೆ ಆ ಕೋಶ ಗಾಯವಾದಾಗ ಮಾತ್ರ ಎಚ್ಚರಗೊಳ್ಳುತ್ತದೆ ಎಂದು ತಿಳಿದಿದ್ದರು. ನಿದ್ದೆಯೇ ಮಾಡದ ಆ ಕಾವಲುಗಾರನೇ ಅಪರಾಧಿ ಎಂದು ಬರೆದು ಲೇಖನ ಮುಗಿಸಬಹುದಿತ್ತು.

ಆದರೆ ಆರೋಪ ನಿಲ್ಲಲಿಲ್ಲ. ಶೇಫರ್ ನೋಡಿದ್ದು ಕಣ್ಣು ತೆರೆಯುವ ಮುನ್ನ, ಥಲಾಮಸ್‌ನಲ್ಲಿ. ಸೋಮಾರಿ ಕಣ್ಣಿನ ಸೋಲು ನಡೆಯುವುದು ಮುಖ್ಯವಾಗಿ ಅದರ ಮುಂದಿನ ಹಂತದಲ್ಲಿ, ಮಿದುಳಿನ ಹಿಂಭಾಗದ ದೃಷ್ಟಿ ಹೊರಪದರದಲ್ಲಿ, ಕಣ್ಣು ತೆರೆದು ಎಷ್ಟೋ ಕಾಲದ ಮೇಲೆ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ವಾರಗಳ ನಂತರ ತೆರೆದಾಗ ಹೊರಪದರದ ನರಕೋಶಗಳು ಆ ಕಣ್ಣಿಗೆ ಕಿವುಡಾಗಿದ್ದವು. ದೊಡ್ಡ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ಹೊರಪದರದ ಈ ಬದಲಾವಣೆಯಲ್ಲಿ ಸಿ1ಕ್ಯೂ ಇಲ್ಲದ ಇಲಿಗಳೂ ಉಳಿದ ಇಲಿಗಳಂತೆಯೇ ವರ್ತಿಸಿದವೆಂದು 2020ರಲ್ಲಿ ಸ್ವತಃ ಸ್ಟೀವನ್ಸ್ ಅವರ ತಂಡ ವರದಿ ಮಾಡಿತು. ಜೊತೆಗೆ ತಿನ್ನುವುದು ಮೈಕ್ರೋಗ್ಲಿಯಾ ಮಾತ್ರವಲ್ಲ, ಆಸ್ಟ್ರೋಸೈಟ್‌ಗಳೂ ತಿನ್ನುತ್ತವೆ ಎಂಬುದು 2013ರಲ್ಲಿಯೇ ತಿಳಿದಿತ್ತು. ಜೀವಂತ ಅಂಗಾಂಶವನ್ನು ಗಮನಿಸಿದ ಕೆಲವರು ಮೈಕ್ರೋಗ್ಲಿಯಾ ಸಿನಾಪ್ಸ್‌ಗಳನ್ನು ಇಡಿಯಾಗಿ ನುಂಗುವುದಕ್ಕಿಂತ ಚೂರುಚೂರಾಗಿ ಕಚ್ಚುವುದನ್ನು ಕಂಡರು. ಮೈಕ್ರೋಗ್ಲಿಯಾವನ್ನು ಮಾಲಿ ಎಂದು ಕರೆದು ಅದರ ಕೈಗೆ ಕತ್ತರಿ ಕೊಟ್ಟ ಲೇಖನಗಳನ್ನು ನಾನೂ ಮೆಚ್ಚಿ ಓದಿದ್ದೇನೆ. ಆದರೆ ಅಂಟು ಎಂಬ ಒಂದು ರೂಪಕ ನಮ್ಮನ್ನು ನೂರು ವರ್ಷ ದಾರಿ ತಪ್ಪಿಸಿದ ಮೇಲೆ ಮಾಲಿ ಎಂಬ ಇನ್ನೊಂದನ್ನು ಅಷ್ಟು ಬೇಗ ನಂಬಬಾರದೆನಿಸುತ್ತದೆ. ಮಾಲಿಗೆ ತೋಟದ ನಕ್ಷೆ ಗೊತ್ತಿರುತ್ತದೆ. ಈ ಕೋಶಗಳಿಗೆ ಗೊತ್ತಿರುವುದು ತಮ್ಮ ಕವಲಿನ ತುದಿಗೆ ತಾಗಿದ ರಾಸಾಯನಿಕವಷ್ಟೇ.

ಚಿಲಕದ ಬಳಿ

ಹಾಗಾದರೆ ಬಾಗಿಲಿನ ವಿಷಯಕ್ಕೆ ಬರೋಣ. ಕಿತ್ತುಹಾಕುವುದು ಒಂದು, ಇನ್ನು ಮೇಲೆ ಬದಲಾವಣೆಯೇ ಬೇಡ ಎಂದು ನಿಲ್ಲಿಸುವುದು ಇನ್ನೊಂದು. ನನ್ನ ಎಡಗಣ್ಣು ಸೋತದ್ದು ಮೊದಲನೆಯದರಿಂದ. ಕನ್ನಡಕ ಬಂದ ಮೇಲೂ ಗೆಲ್ಲದೆ ಹೋದದ್ದು ಎರಡನೆಯದರಿಂದ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕ್ರಿಶ್ಚಿಯನ್ ಮ್ಯುಲರ್ ಮತ್ತು ಯೋಹಾನೆಸ್ ಬೆಸ್ಟ್ ಎಂಬ ಇಬ್ಬರು, ಎಳೆಯ ಆಸ್ಟ್ರೋಸೈಟ್‌ಗಳನ್ನು ತಟ್ಟೆಯಲ್ಲಿ ಬೆಳೆಸಿ ವಯಸ್ಕ ಬೆಕ್ಕುಗಳ ದೃಷ್ಟಿ ಹೊರಪದರಕ್ಕೆ ಸೇರಿಸಿದರು. ಆಮೇಲೆ ಒಂದು ಕಣ್ಣನ್ನು ಮುಚ್ಚಿದಾಗ ಆ ದೊಡ್ಡ ಬೆಕ್ಕುಗಳ ಹೊರಪದರ ಮರಿಬೆಕ್ಕಿನದರಂತೆ ಮತ್ತೆ ಬದಲಾಗತೊಡಗಿತು. ಎಳೆಯ ಅಂಟು ಹಾಕಿದರೆ ಮುದಿ ಜಾಲ ಸಡಿಲವಾಯಿತು! ಅಂದಿನವರು ಇದನ್ನು ಕುತೂಹಲದಿಂದ ಓದಿ ಬದಿಗಿಟ್ಟಂತೆ ತೋರುತ್ತದೆ; ಕಾರಣ ವಿವರಿಸುವ ಸಲಕರಣೆ ಆಗ ಇರಲಿಲ್ಲ.

ಮೂವತ್ತೆರಡು ವರ್ಷಗಳ ನಂತರ, 2021ರಲ್ಲಿ, ಪ್ಯಾರಿಸ್‌ನ ನತಾಲಿ ರುವಾಕ್ ಅವರ ತಂಡ ಆ ಎಳೆಯನ್ನು ಮತ್ತೆ ಹಿಡಿಯಿತು. ಇಲಿಗಳಲ್ಲಿ ಆಸ್ಟ್ರೋಸೈಟ್‌ಗಳು ಬಲಿಯುತ್ತಾ ಹೋದಂತೆ ಕನೆಕ್ಸಿನ್ 30 ಎಂಬ ಪ್ರೋಟೀನನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತವೆ. ಅದು ನರಕೋಶಗಳ ಸುತ್ತಲಿನ ಜಾಳಿಗೆಯನ್ನು ಕರಗಿಸುವ ಒಂದು ಕಿಣ್ವವನ್ನು ಹತ್ತಿಕ್ಕುತ್ತದೆ. ಜಾಳಿಗೆ ಗಟ್ಟಿಯಾಗುತ್ತದೆ, ಅದರೊಳಗಿನ ತಡೆಯೊಡ್ಡುವ ನರಕೋಶಗಳು ಪ್ರೌಢವಾಗುತ್ತವೆ, ಸುಲಭವಾಗಿ ಬದಲಾಗುವ ಕಾಲ ಮುಗಿಯುತ್ತದೆ. ಆಸ್ಟ್ರೋಸೈಟ್‌ಗಳಲ್ಲಿ ಆ ಪ್ರೋಟೀನನ್ನು ಇಲ್ಲವಾಗಿಸಿದ ಇಲಿಗಳಲ್ಲಿ ಆ ಕಾಲ ಮುಗಿಯುವುದು ತಡವಾಯಿತು. ಆಸ್ಟ್ರೋಸೈಟ್‌ಗಳು ಮಾತ್ರವಲ್ಲ: ಆಲಿಗೋಡೆಂಡ್ರೋಸೈಟ್‌ಗಳು ಸುತ್ತುವ ಮಯಲಿನ್‌ನಲ್ಲಿರುವ ನೋಗೋ ಎಂಬ ಪ್ರೋಟೀನಿನ ಸಂಕೇತವನ್ನು ಕೇಳಿಸಿಕೊಳ್ಳುವ ಗ್ರಾಹಕವಿಲ್ಲದ ಇಲಿಗಳಲ್ಲಿ ಹೊರಪದರದ ಈ ಮೆತುತನ ವಯಸ್ಕರಾದ ಮೇಲೂ ಉಳಿಯುತ್ತದೆ ಎಂದು 2005ರಲ್ಲಿಯೇ ಕಂಡಿದ್ದರು. ಚಿಲಕಗಳು ಹಲವು, ಹಾಕುವ ಕೈಗಳೂ ಹಲವು. ನರಕೋಶಗಳೂ ಅವುಗಳಲ್ಲಿ ಸೇರಿವೆ. ಅವುಗಳನ್ನು ಕರ್ತೃಸ್ಥಾನದಿಂದ ಇಳಿಸಿ ಗ್ಲಿಯಾ ಕೋಶಗಳನ್ನು ಕೂರಿಸುವ ಉತ್ಸಾಹ ನನಗಿಲ್ಲ. ಆದರೆ ಬಾಗಿಲು ಗಾಳಿಗೆ ಹಾಕಿಕೊಳ್ಳಲಿಲ್ಲ, ಕೀಲೂ ತುಕ್ಕು ಹಿಡಿದಿರಲಿಲ್ಲ. ಅದನ್ನು ಹಾಕುವುದಕ್ಕೆ ಶಕ್ತಿ ವ್ಯಯಿಸಿ, ಹೊಸ ಪ್ರೋಟೀನು ತಯಾರಿಸಿ, ಹೊತ್ತು ನೋಡಿ ಕೆಲಸ ಮಾಡಿದವರಿದ್ದಾರೆ.

ಯಾಕಾಗಿ ಹಾಕಬೇಕು ಎಂದು ಕೇಳಿಕೊಂಡಾಗ ನನಗೆ ಹೊಳೆಯುವ ಉತ್ತರ ನನ್ನ ಬಲಗಣ್ಣೇ. ಜ್ವರ ಬಂದು ವಾರವಿಡೀ ಕಣ್ಣುಮುಚ್ಚಿ ಮಲಗಿದರೂ, ಒಂದು ತಿಂಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೂ ಅದು ಓದಲು ಮರೆಯುವುದಿಲ್ಲ. ಬಾಗಿಲು ಸದಾ ತೆರೆದಿರುವ ಮಿದುಳಿನಲ್ಲಿ ಪ್ರತಿ ಮಸುಕಿಗೂ ಜಾಲ ಹೊಸದಾಗಿ ಹೆಣೆದುಕೊಳ್ಳುತ್ತಾ ಇರುತ್ತಿತ್ತು. ಎಡಗಣ್ಣನ್ನು ಹೊರಗೆ ನಿಲ್ಲಿಸಿದ ಚಿಲಕವೇ ಬಲಗಣ್ಣನ್ನು ಒಳಗೆ ಕಾಪಾಡಿದೆ ಎಂದಾಯಿತು. ಒಳಗಿರುವವರು ಚಿಲಕ ಹಾಕಿದಾಗಲೂ ಬಾಗಿಲು ಹಾಕಿಕೊಂಡಿದೆ ಎಂದೇ ನಾವು ಹೇಳುತ್ತೇವೆ. ಆ ವೈದ್ಯರ ವ್ಯಾಕರಣವನ್ನು ನಾನು ಇಷ್ಟು ವರ್ಷ ಸುಮ್ಮನೆ ಅನುಮಾನಿಸಿದೆನೇನೋ.

ಅವರ ಲೆಕ್ಕವನ್ನು ಮಾತ್ರ ಅನುಮಾನಿಸಬೇಕಾಗಿದೆ. ಅಮೆರಿಕದ ಕಣ್ಣಿನ ವೈದ್ಯರ ತಂಡವೊಂದು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಏಳರಿಂದ ಹನ್ನೆರಡು ವರ್ಷದ ಸೋಮಾರಿ ಕಣ್ಣಿನ ಮಕ್ಕಳಿಗೆ ಕನ್ನಡಕದ ಜೊತೆಗೆ ಒಳ್ಳೆಯ ಕಣ್ಣಿಗೆ ಪಟ್ಟಿಯನ್ನೂ ಔಷಧದ ಹನಿಯನ್ನೂ ಹಾಕಿಸಿ, ಹತ್ತಿರದ ಕೆಲಸಗಳನ್ನು ಮಾಡಿಸಿದರು. ಶೇಕಡಾ 53 ಮಕ್ಕಳ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು. ಬರಿಯ ಕನ್ನಡಕ ಕೊಟ್ಟವರಲ್ಲಿ ಅದು ಶೇಕಡಾ 25. ನಾನು ಹನ್ನೊಂದರವನು. ನನ್ನ ತಪಾಸಣೆ ನಡೆದದ್ದು ಈ ಫಲಿತಾಂಶಕ್ಕಿಂತ ಎಷ್ಟೋ ವರ್ಷ ಮೊದಲು, ಆದ್ದರಿಂದ ಆ ವೈದ್ಯರು ತಾವು ಓದಿದ್ದನ್ನೇ ಪ್ರಾಮಾಣಿಕವಾಗಿ ಹೇಳಿದರು. ಒಳ್ಳೆಯ ಕಣ್ಣನ್ನು ಕಳೆದುಕೊಂಡ ವಯಸ್ಕರಲ್ಲಿ ಕೆಲವರಿಗೆ ಸೋತ ಕಣ್ಣು ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡ ದಾಖಲೆಗಳೂ ಇವೆ. ಸಂಪೂರ್ಣ ಕಿತ್ತುಹಾಕಿದ್ದರೆ ಹಾಗೆ ಆಗುವುದು ಸಾಧ್ಯವಿರಲಿಲ್ಲ; ಏನೋ ಉಳಿದಿದೆ, ಅದನ್ನು ಯಾರೋ ಅದುಮಿ ಹಿಡಿದಿದ್ದಾರೆ.

ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನು ಅವತ್ತು ಇನ್ನೊಂದು ಸಲ ಕೇಳಬೇಕಾಗಿತ್ತು" ಎಂದಳು. ಈಗ ರಾತ್ರಿ ಕೆಲವೊಮ್ಮೆ ಮಲಗುವ ಮುನ್ನ ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ದಪ್ಪಕ್ಷರದ ಪುಸ್ತಕವೊಂದನ್ನು ಹಿಡಿಯುತ್ತೇನೆ. ಚಿಕಿತ್ಸೆಯೆಂದಲ್ಲ, ಅಭ್ಯಾಸವೆಂದೂ ಅಲ್ಲ. ಒತ್ತಕ್ಷರಗಳಿರುವ ಪದಗಳು ಇನ್ನೂ ಮುದ್ದೆಯಾಗಿಯೇ ಕಾಣುತ್ತವೆ. ಸಾಲಿನ ಕೊನೆಯಲ್ಲಿ, ಬಲಗಡೆ ನೆರೆಯವರಿಲ್ಲದೆ ನಿಂತ ಅಕ್ಷರ ಮಾತ್ರ ಒಮ್ಮೊಮ್ಮೆ ಸ್ಪಷ್ಟವಾಗಿ ಗುರುತು ಸಿಗುತ್ತದೆ.